ಸಿದ್ದಮಲ್ಲಪ್ಪನವರ ಮುತ್ತಿನುಂಗುರ

೩-೧೧-೭೮, ಶುಕ್ರವಾರ

ಹನ್ನೆರಡು ಕೆಮ್ಮು, ಆರು ಭೇದಿ, ಒಂದು ಚೇಳು. ಡಾಕ್ಟರು ಮೀಟಿಂಗಿಗೆಂದು ಸತ್ಯಮಂಗಲಕ್ಕೆ ಇಳಿದು ಒಂಬತ್ತು ದಿನ. ತಾಳವಾಡಿಯ ಆಯುರಾರೋಗ್ಯವೆಲ್ಲ ಕಾಂಪೌಂಡರ್ ಆದ ನನ್ನ ಕೈಯಲ್ಲಿ. ದೇವರೇ ಗತಿ.

ಮಧ್ಯಾಹ್ನ ಶಾಂತಮಲ್ಲಮ್ಮ. ಹುಬ್ಬಿಗೆ ಮೂರು ಹೊಲಿಗೆ. ಬಾಗಿಲು ತಗುಲಿತಂತೆ. ಆ ಮನೆಯ ಬಾಗಿಲು ಬಹಳ ಮುಂಗೋಪಿ — ಈ ವರ್ಷ ಐದನೇ ಸಲ. ಈಗ ಅದಕ್ಕೆ ಮುತ್ತಿನುಂಗುರ ಬೇರೆ. ಗಾಯದಲ್ಲಿ ಅಚ್ಚು ಮೂಡಿದೆ. ಗಂಡ ಸಿದ್ದಮಲ್ಲಪ್ಪನ ಕೋಪ ತಣಿಯಲೆಂದು ಜೋಯಿಸರು ಹೇಳಿದ ಮುತ್ತು. ಈಕೆಯೇ ತನ್ನ ಬಳೆ ಕರಗಿಸಿ ಮಾಡಿಸಿದ್ದು. ನಲವತ್ತೆಂಟು ದಿನ ಕಳಚುವಂತಿಲ್ಲ. ಇಂದಿಗೆ ಇಪ್ಪತ್ತೊಂಬತ್ತು...

೧೧-೧೧-೭೮

ಆಯಾ ಕರಿಯಮ್ಮ ವಾರ್ತೆ ತಂದಳು. ನಿನ್ನೆ ಸಿದ್ದಮಲ್ಲಪ್ಪ ಮುಷ್ಟಿ ಬೀಸಿದ. ಹೆಂಡತಿ ಬಗ್ಗಿದರು. ಕಲ್ಲುಕಂಬಕ್ಕೆ ಬಗ್ಗಲು ಬರಲಿಲ್ಲ. ಬೆರಳು ಊದಿದೆ. ಉಂಗುರ ತೆಗೆಯಿರಿ, ತಣ್ಣೀರಲ್ಲಿ ಕೈಯಿಡಿ ಎಂದು ಹೇಳಿಕಳಿಸಿದೆ. ವ್ರತ ಕೆಡುತ್ತದೆ ಎಂದು ಉತ್ತರ.

"ಕಂಬಕ್ಕೆ ಏನಾಯ್ತು ಅಂತ ನೀವು ಕೇಳ್ನೇ ಇಲ್ವಲ್ಲ ಸಾ," ಎಂದಳು ಕರಿಯಮ್ಮ.

೧೩-೧೧-೭೮, ಬೆಳಿಗ್ಗೆ ೧೧

ಬಂದ. ಹಿಂದೆಯೇ ಶಾಂತಮಲ್ಲಮ್ಮ. ಅವನದು ಬೆರಳಲ್ಲ, ಬದನೆಕಾಯಿ. ಉಂಗುರ ಮಾಂಸದೊಳಗೆ ಮುಳುಗಿದೆ. ದಾರದ ವಿದ್ಯೆ ಪ್ರಯೋಗಿಸಿದೆ — ಸೋಪು ಸವರಿ, ಉಗುರಿನಿಂದ ಮೇಲಕ್ಕೆ ಬಿಗಿಯಾಗಿ ಸುತ್ತಿ, ತುದಿಯನ್ನು ಉಂಗುರದಡಿ ತೂರಿಸಿ, ಬಿಚ್ಚುತ್ತ ಎಳೆದರೆ ಉಂಗುರ ಇಳಿದು ಬರಬೇಕು. ಚರ್ಮ ಬಂತು. ಎದೆಗೆ ಒದ್ದ. ನಾನೂ ಸ್ಟೂಲೂ ಜೊತೆಯಾಗಿ ಬಿದ್ದೆವು.

ಅರ ಹಾಕಿ ಉಂಗುರ ಕುಯ್ಯಲೇಬೇಕು, ಇಲ್ಲವೆಂದರೆ ಬೆರಳು ಸಾಯುತ್ತದೆ ಎಂದೆ. ಕೊನೆಗೆ ಅವನೇ ಕುಯ್ಯೆಂದ. ಇಂಜೆಕ್ಷನ್ ಕೊಟ್ಟೆ. ನಿದ್ದೆ ಹೋದ. ಅರ ಎತ್ತಿಕೊಂಡೆ. ಶಾಂತಮಲ್ಲಮ್ಮ ನನ್ನ ಮಣಿಕಟ್ಟು ಹಿಡಿದರು.

"ಇನ್ನೊಂಬತ್ತು ದಿಸ ಅದೆ ಸಾ. ವ್ರತ ಕೆಡಿಸ್ಬ್ಯಾಡಿ."

"ಬೆರಳು ಹೋಗುತ್ತೆ ಕಣಮ್ಮ."

"ಓಗ್ಲಿ."

ಅರ ಡ್ರಾಯರಿಗೆ ಹೋಯಿತು. ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟೆ. ಬಸ್ಸು ನಾಲ್ಕಕ್ಕೆ; ಅಷ್ಟು ಹೊತ್ತು ಬೆರಳು ತಡೆಯದು. ಅದು ನನಗೆ ಚೆನ್ನಾಗಿ ಗೊತ್ತಿತ್ತು.

೨-೧೨-೭೮

ಸಿದ್ದಮಲ್ಲಪ್ಪ ವಾಪಸ್. ಬಲಗೈಯಲ್ಲಿ ನಾಲ್ಕೇ ಬೆರಳು. ಬಹಳ ಮೆಲ್ಲಗೆ ಕೇಳಿದ — ಆವತ್ತು ಕುಯ್ಯಬೇಡ ಎಂದವರು ಯಾರು? ನಾನು ನಾಟಕದ ರಾಜನಂತೆ ಎದೆಯುಬ್ಬಿಸಿ, ತಪ್ಪೆಲ್ಲ ನನ್ನದೇ, ನಿಮ್ಮ ಮನೆಯವರು ಕುಯ್ಯಿರೆಂದು ಅತ್ತರು, ನನಗೇ ಧೈರ್ಯ ಬರಲಿಲ್ಲ ಎಂದೆ. ನಕ್ಕ.

"ತಾನೇ ಬ್ಯಾಡ ಅಂದೆ ಅಂತ ಅವ್ಳು ನೆನ್ನೇನೇ ಒಪ್ಕಂಡವ್ಳೆ ಕಣ್ಲಾ. ಅವ್ಳ ತಪ್ಪ ನೀ ಯಾಕ್ಲಾ ತಲೆ ಮ್ಯಾಲೆ ಆಕ್ಕತೀಯೆ? ಎಷ್ಟು ದಿಸದಿಂದ ನಡೀತಾದೆ ಇದು?"

ಎಡಗೈಯಲ್ಲಿ ಸ್ಟೀಲ್ ಟ್ರೇ ಎತ್ತಿ ಬೀಸಿದ. ಎರಡು ಹಲ್ಲು. ಆಕೆಯನ್ನು ಉಳಿಸಲು ಹೇಳಿದ ಸುಳ್ಳು ಆಕೆಯ ಕುತ್ತಿಗೆಗೇ...

೩-೧೨-೭೮, ಬೆಳಿಗ್ಗೆ ೬.೪೦

ಐದಕ್ಕೆ ಶಾಂತಮಲ್ಲಮ್ಮ ಓಡಿಬಂದರು. ಮೊಣಕೈ ಮುರಿದಿದೆ, ದಬ್ಬೆ ಕಟ್ಟಿದೆ. ಅವನು ಮಚ್ಚು ಹಿಡಿದು ಬೀದಿ ಬೀದಿ ಹುಡುಕುತ್ತಿದ್ದಾನಂತೆ. ಚಾಮರಾಜನಗರದ ಬಸ್ಸು ಏಳಕ್ಕೆ. ಕರಿಯಮ್ಮ ಹಿಂದಿನ ಕಿಟಕಿ ತೆಗೆದಿದ್ದಾಳೆ. ಅಲ್ಲಿಂದ ಸ್ಟ್ಯಾಂಡಿಗೆ ಹತ್ತು ನಿಮಿಷ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ.

ಮುಂಬಾಗಿಲಲ್ಲಿ ಮೆಟ್ಟಿನ ಸದ್ದು.

ಆಕೆಯನ್ನು ಕಿಟಕಿಯಿಂದ ಎತ್ತಿ ಇಳಿಸಿದೆವು. ಬಸ್ಸು ಹೊರಡುವವರೆಗೆ ಇವನನ್ನು ಇಲ್ಲೇ ಮಾತಿನಲ್ಲಿ ಹಿಡಿದಿಡಬೇಕು. ಮಾತೊಂದೇ ತಾನೇ ನನಗೆ ಬರುವುದು. ಬನ್ನಿ ಸಿದ್ದಮಲ್ಲಪ್ಪನವರೇ, ಕೂತ್ಕೊಳ್ಳಿ, ಗಾಯ ಒಣಗಿತಾ ಎಂದು ಶುರುಮಾ—