ಅದು ಮೆಣಸಿನಕಾಯಿ ಘಾಟಲ್ಲ, ಅವ್ವಾ

ಅವ್ವಾ,

ಸತ್ತವರಿಗೆ ಸುಳ್ಳು ಹೇಳಿ ನನಗೇನು ಸಿಗಬೇಕು? ಅದಕ್ಕೇ ಇದನ್ನು ನಿನಗೆ ಮಾತ್ರ ಬರೆಯುತ್ತಿದ್ದೇನೆ. ಬದುಕಿರುವವರಿಗೆಲ್ಲ ನಾನು ಹೇಳಿಟ್ಟಿರುವುದು ಬೇರೆ.

ಆರು ವರ್ಷದ ರೂಪಾಳನ್ನು ಕರೆದುಕೊಂಡು ಬ್ಯಾಡಗಿಯ ನಿನ್ನ ಮನೆಗೆ ಬಂದ ಆ ಸುಗ್ಗಿ ನೆನಪಿದೆಯಾ? ನೀನು ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋದರೆ ಮೊಮ್ಮಗಳು ನಿನ್ನ ಸೆರಗು ಹಿಡಿದು ಬರುತ್ತಿದ್ದಳು. ಒಂದು ದಿನ ಗಂಟಲು ನೋವು ಅಂದಳು, ಮೈ ಸುಡುತ್ತಿತ್ತು. ಮರುದಿನ ಕುತ್ತಿಗೆ, ಎದೆ ಎಲ್ಲ ಕೆಂಪು. ಮೆಣಸಿನಕಾಯಿ ಕಾಲದಲ್ಲಿ ಬ್ಯಾಡಗಿಯಲ್ಲಿ ಯಾರ ಮೈ ಕೆಂಪಾಗುವುದಿಲ್ಲ ಹೇಳು? ನೀನೂ ಹಾಗೇ ತಿಳಿದೆ. "ಘಾಟು ಬಡದೈತಿ, ಕೊಬ್ಬರಿ ಎಣ್ಣಿ ಹಚ್ಚಿದ್ರ ಹೋಗತೈತಿ." ಎರಡು ದಿನ ನೀನೇ ಹಚ್ಚಿದೆ. ಚರ್ಮ ಉಸುಕು ಮೆತ್ತಿದ ಹಾಗೆ ತರಿತರಿಯಾಗಿತ್ತು. ನಿನಗದು ತಿಳಿಯಲಿಲ್ಲ. ಖಾರದಲ್ಲಿ ಆಡಿ ಆಡಿ ನಿನ್ನ ಬೆರಳು ಯಾವತ್ತೋ ಸತ್ತುಹೋಗಿದ್ದವು.

ಮೂರನೇ ದಿನ ಬ್ಯಾಡಗಿಯ ಡಾಕ್ಟರಿಗೆ ತೋರಿಸಿದೆವು; ಅವರು ಅವಳ ನಾಲಿಗೆ ನೋಡಿದರು. ಕೆಂಪಗೆ, ಗುಳ್ಳೆ ಗುಳ್ಳೆಯಾಗಿತ್ತು. ಕೆನ್ನೆ ಕೆಂಪಾಗಿದ್ದರೂ ಬಾಯಿಯ ಸುತ್ತ ಮಾತ್ರ ಬಿಳಿಚಿಕೊಂಡಿತ್ತು. ಇದು ಸ್ಕಾರ್ಲೆಟ್ ಜ್ವರ, ಗಂಟಲಿನ ಸೋಂಕಿನಿಂದ ಬಂದದ್ದು ಅಂದರು. ಔಷಧಿಯ ಬಾಟಲಿ ಕೊಟ್ಟು, ಜ್ವರ ಬಿಟ್ಟರೂ ಹತ್ತು ದಿನ ತಪ್ಪಿಸಬೇಡಿ ಎಂದು ಎರಡೆರಡು ಸಲ ಹೇಳಿದರು. ಹೊರಗೆ ಬಂದ ಮೇಲೆ ನೀನು ಅತ್ತೆ. ನಾನು ನಿನ್ನನ್ನು ಹಳೇ ಕಾಲದ ಹೆಡ್ಡಿ ಅಂದೆ.

ನಾವು ರಾಣೇಬೆನ್ನೂರಿನ ನಮ್ಮ ಮನೆಗೆ ಮರಳಿದಾಗ ರೂಪಾ ಜ್ವರ ಬಿಟ್ಟು ಓಡಾಡುತ್ತಿದ್ದಳು. ಔಷಧಿ ಶುರು ಮಾಡಿದ ಐದನೇ ದಿನ ಅವಳ ಬೆರಳ ತುದಿಯ ಚರ್ಮ ಸುಲಿಯತೊಡಗಿತು. ಔಷಧಿಯ ಉಷ್ಣ ಅಂದುಕೊಂಡೆ. ಡಾಕ್ಟರಿಗೆ ಒಂದು ಫೋನು ಮಾಡಿದ್ದರೆ... ಮಾಡಲಿಲ್ಲ. ಬಾಟಲಿಯನ್ನು ಬಚ್ಚಲಿಗೆ ಸುರಿದೆ. ನಿನ್ನ ಘಾಟಿಗೂ ನನ್ನ ಉಷ್ಣಕ್ಕೂ ಏನು ವ್ಯತ್ಯಾಸ? ದಿನಾ ಸಂಜೆ ನೀನು ಫೋನಿನಲ್ಲಿ ಕೇಳುತ್ತಿದ್ದೆ, ಔಷಧಿ ಕೊಟ್ಟೆಯಾ ಅಂತ. ಹತ್ತನೇ ದಿನದವರೆಗೂ ನಾನು ಕೊಟ್ಟೆ ಎಂದೇ ಹೇಳಿದೆ.

ಮೂರು ವಾರಕ್ಕೆ ರೂಪಾಳ ಮೊಣಕಾಲು ಬಾತವು, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಹಾವೇರಿಯ ಮಕ್ಕಳ ಡಾಕ್ಟರು ಹೃದಯದ ಕವಾಟಕ್ಕೆ ಪೆಟ್ಟಾಗಿದೆ ಅಂದರು. ಔಷಧಿ ಪೂರ್ತಿ ಕೊಟ್ಟಿದ್ದಿರಾ ಎಂದು ಕೇಳಿದರು. ಪಕ್ಕದಲ್ಲಿ ನನ್ನ ಗಂಡ, ಅತ್ತೆ ಇದ್ದರು.

"ಪೂರ್ತಿ ಕೊಟ್ಟೇನ್ರಿ. ಶುರು ಮಾಡೂದ ತಡಾ ಆತು. ನಮ್ಮವ್ವ ಘಾಟು ಅಂತ ಎಣ್ಣಿ ಹಚ್ಚಿಕೋತ ಕುಂತ್ಲು."

ನೀನು ಬುತ್ತಿ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಎಲ್ಲರೂ ತಿರುಗಿ ನಿನ್ನನ್ನು ನೋಡಿದರು. ನೀನು ಬುತ್ತಿಯನ್ನು ನೆಲಕ್ಕಿಟ್ಟು ನಿನ್ನ ಅಂಗೈ ನೋಡಿಕೊಂಡೆ.

ಆಮೇಲೆ ನೀನು ಮೆಣಸಿನಕಾಯಿ ಮುಟ್ಟಲಿಲ್ಲ, ರೂಪಾಳನ್ನೂ ಮುಟ್ಟಲಿಲ್ಲ. ಕೊನೆಯ ದಿನ ಕೂಡ ಅಂಗೈ ನೋಡಿಕೊಂಡು "ನನ್ನ ಕೈಲೇ ಆತಲ್ಲ" ಎಂದು ಗೊಣಗುತ್ತಿದ್ದೆ. ನಿನ್ನ ಬಾಯಿಗೆ ನೀರು ಬಿಡುತ್ತ ಕೂತಿದ್ದವಳು ನಾನೇ. ಅಲ್ಲ ಎಂದು ಒಂದು ಮಾತು ಹೇಳಲಿಲ್ಲ.

ನಿನಗೆ ಗೊತ್ತಾಗದೇ ಹೋದ ಸುದ್ದಿ ಇದು. ಒಬ್ಬಳೇ ಹೋಗಿ ಹಾವೇರಿಯ ಆ ಡಾಕ್ಟರನ್ನು ಕೇಳಿದ್ದೆ. ಎರಡು ದಿನ ತಡವಾದದ್ದಕ್ಕೆ ಹೀಗಾಗುವುದಿಲ್ಲವಂತೆ. ಒಂಬತ್ತು ದಿನದೊಳಗೆ ಔಷಧಿ ಶುರು ಮಾಡಿ, ಪೂರ್ತಿ ಕೊಟ್ಟರೆ ಹೃದಯಕ್ಕೆ ತಾಗುವುದು ತಪ್ಪುತ್ತದಂತೆ. ಬೆರಳು ಸುಲಿಯುವುದು ಆ ಜ್ವರ ಬಿಟ್ಟುಹೋಗುವ ರೀತಿಯಂತೆ. ಇದನ್ನು ಕೇಳಿದಾಗ ನೀನಿನ್ನೂ ಬದುಕಿದ್ದೆ, ಅವ್ವಾ. ಬ್ಯಾಡಗಿಗೆ ಬಸ್ಸು ಎಷ್ಟು ಹೊತ್ತಿನ ದಾರಿ? ಇದನ್ನು ಹೇಳಲು ನಾನು ಬರಲಿಲ್ಲ.

ಈಗ ರೂಪಾಳಿಗೆ ಹನ್ನೊಂದು. ಹೃದಯಕ್ಕೆ ಮತ್ತೆ ಪೆಟ್ಟಾಗದಿರಲೆಂದು ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ, ಇನ್ನೂ ಎಷ್ಟೋ ವರ್ಷ. ಮೊನ್ನೆ ಸೊಂಟ ತಿಕ್ಕಿಕೊಳ್ಳುತ್ತ ಕೇಳಿದಳು.

"ಅಜ್ಜಿ ತಡಾ ಮಾಡಿರಲಿಲ್ಲಂದ್ರ ನನಗ ಈ ಸೂಜಿ ಇರತಿದ್ದಿಲ್ಲ, ಹೌದಿಲ್ಲವ್ವಾ?"

ನಾನು ಹೌದು ಅಂದೆ.

ಮುಂದಿನ ಸೂಜಿಯ ದಿನ ಅವಳಿಗೆ ನಿಜ ಹೇಳುತ್ತೇನೆ, ನಿನ್ನ ಆಣೆ. ಹೋದ ಸಲದ ಸೂಜಿಗೂ ನಿನ್ನ ಮೇಲೆ ಇದೇ ಆಣೆ ಇಟ್ಟಿದ್ದೆ.