ಕೆಳಸಾಲಿನ ಒಂಬತ್ತು ತೂತುಗಳು

ಅಪ್ಪಾ,

ಹೋದ ಗುರುವಾರ ಬೈಲಹೊಂಗಲದ ಆ ಮಂಗಲ ಕಾರ್ಯಾಲಯದ ಪಶ್ಚಿಮದ ಗೋಡೆಯ ಮುಂದೆ ನಿಂತಿದ್ದೆ. ಯಾವ ಕಾರ್ಯಾಲಯ ಅಂತ ನಿನಗೆ ಬಿಡಿಸಿ ಹೇಳಬೇಕೇ? ನಾನಾಗಿ ಹೋದದ್ದಲ್ಲ. ಧಾರವಾಡದ ನಮ್ಮ ಆಫೀಸಿಗೆ ಫೋನ್ ಬಂತು. ಪ್ರತಿ ಮಳೆಗಾಲ ಗೋಡೆ ಒದ್ದೆಯಾಗುತ್ತದೆ, ಎಷ್ಟು ಬಣ್ಣ ಹೊಡೆದರೂ ನಿಲ್ಲುತ್ತಿಲ್ಲ, ಕಾರಣ ಹುಡುಕಿಕೊಡಿ ಎಂದರು. ಬೇರೆ ಯಾರನ್ನಾದರೂ ಕಳಿಸಿ ಅನ್ನಬಹುದಿತ್ತು. ಅನ್ನಲಿಲ್ಲ. ಬ್ಯಾಗಿಗೆ ಕ್ಯಾಮೆರಾ ಹಾಕಿಕೊಂಡು ಬಸ್ಸು ಹತ್ತಿದೆ, ಅಷ್ಟೇ. ನೀನು ತೀರಿಕೊಂಡು ಎರಡು ವರ್ಷವಾಯಿತು. ಈ ಎರಡು ವರ್ಷದಲ್ಲಿ ನಾನು ಹೆಚ್ಚುಕಡಿಮೆ ಎಲ್ಲ ಕೆಲಸವನ್ನೂ ಹೀಗೆಯೇ ಮಾಡಿದ್ದೇನೆ, ಮಾಡಬೇಕು ಅಂತ ಮಾಡುವುದು.

ನೀನು ಬೆರಳಿನ ಗಂಟಿನಿಂದ ಗೋಡೆ ಬಡಿದು ಕಿವಿಗೊಡುತ್ತಿದ್ದೆಯಲ್ಲ, ನನ್ನ ಕ್ಯಾಮೆರಾದ ಕೆಲಸವೂ ಅದೇ ಜಾತಿಯದು. ನೀನು ಸಪ್ಪಳ ಕೇಳುತ್ತಿದ್ದೆ, ಇದು ಶಾಖ ನೋಡುತ್ತದೆ. ಬಿಸಿಲಿಗೆ ಗೋಡೆ ಕಾದಾಗ ಒಣಗಿದ ಜಾಗ ಬೇಗ ಬಿಸಿಯಾಗುತ್ತದೆ, ಒಳಗೆ ನೀರು ಕುಡಿದ ಜಾಗ ತಣ್ಣಗೆ ಉಳಿಯುತ್ತದೆ. ಬಿಸಿ ಇದ್ದಲ್ಲಿ ಹಳದಿ, ತಂಪು ಇದ್ದಲ್ಲಿ ನೀಲಿ. ಜನ ಇದನ್ನು ಎಕ್ಸ್‌ರೇ ಅಂದುಕೊಳ್ಳುತ್ತಾರೆ. ಸವದತ್ತಿಯಲ್ಲಿ ಒಬ್ಬ ಅಜ್ಜ, "ಗ್ವಾಡ್ಯಾಗ ನಮ್ಮ ಹಿರ್ಯಾರು ಏನರ ಬಂಗಾರ ಇಟ್ಟಾರೇನು ನೋಡ್ರಿ" ಎಂದು ನನ್ನ ಬೆನ್ನು ಹತ್ತಿದ್ದ. ಗೋಡೆಯ ಆಚೆಗಿನದು ಏನೂ ಕಾಣುವುದಿಲ್ಲ ಅಜ್ಜಾ, ಮೈಮೇಲಿನ ಬಿಸಿ-ತಂಪು ಅಷ್ಟೇ ಎಂದರೆ ಅವನಿಗೆ ಬಹಳ ಬೇಜಾರಾಯಿತು. ನೀನಿದ್ದರೆ ಇದನ್ನು ಕೇಳಿ ಎಷ್ಟು ನಗುತ್ತಿದ್ದೆಯೋ...

ಆ ಬೇಸಿಗೆ ನಿನಗೆ ನೆನಪಿದ್ದೇ ಇರುತ್ತದೆ. ನನಗೆ ಹತ್ತೊಂಬತ್ತು, ಡಿಪ್ಲೊಮಾ ಎರಡನೆಯ ವರ್ಷದ ರಜೆ. ಆ ಕಾರ್ಯಾಲಯ ಗೌಂಡಿಯಾದ ನಿನ್ನ ಜೀವಮಾನದ ದೊಡ್ಡ ಕೆಲಸ. ಗೋಡೆ ಕಟ್ಟಿ ಮುಗಿದು ನೀವೆಲ್ಲ ಅಟ್ಟಣಿಗೆ ಇಳಿಸುತ್ತಿದ್ದಿರಿ. ಅಟ್ಟಣಿಗೆಯ ಅಡ್ಡಕೋಲುಗಳು ಗೋಡೆಯೊಳಗೆ ಹೊಕ್ಕಿದ್ದ ತೂತುಗಳನ್ನು ಮೇಲಿನಿಂದ ಸಾಲಾಗಿ ಮುಚ್ಚುತ್ತ ಬರಬೇಕು. "ಮ್ಯಾಲಿನ ಎರಡು ಸಾಲು ನಾ ಮುಚ್ಚೇನಿ. ಕೆಳಗಿನ ಸಾಲು ನೀ ಮುಚ್ಚವ್ವಾ, ನಾ ಮುಂದಿನ ಗಿಲಾವು ನೋಡ್ಕೋತೇನಿ" ಅಂದೆ. ಹೇಗೆ ಅಂತಲೂ ನೀನೇ ಹೇಳಿದೆ. "ತೂತಿಗೆ ಮೊದಲ ನೀರು ಕುಡಿಸು. ಇಟ್ಟಂಗಿ ತುಂಡು, ಸಿಮೆಂಟಿನ ಮಾಲು, ಮತ್ತ ಇಟ್ಟಂಗಿ ತುಂಡು. ಕಟ್ಟಿಗಿ ತಗೊಂಡು ಬಡಿ. ಇವತ್ತ ಬಾಯಿ ಮುಚ್ಚಬ್ಯಾಡ, ನಾಳಿಗೆ ಮುಚ್ಚು." ತೂತು ಮುಚ್ಚುವ ಕೆಲಸವನ್ನು ನೀನು ಬೇರೆ ಗೌಂಡಿಗಳಿಗೂ ಬಿಡುತ್ತಿರಲಿಲ್ಲ. ನನಗೆ ಬಿಟ್ಟೆ.

ಆ ಗೋಡೆ ರಸ್ತೆಗೆ ಮುಖ ಮಾಡಿತ್ತು. ನನ್ನ ಕ್ಲಾಸಿನವರು ಹೋಗಿಬರುವ ಬಸ್ಸು ಅಲ್ಲೇ ನಿಲ್ಲುತ್ತಿತ್ತು. ತಲೆಗೆ ಟವೆಲು ಸುತ್ತಿಕೊಂಡು, ಕೈತುಂಬ ಮಾಲು ಮಾಡಿಕೊಂಡು ಗೋಡೆಗೆ ಅಂಟಿ ನಿಂತವಳು ನಾನು ಅಂತ ಅವರಿಗೆ ಗೊತ್ತಾದರೆ? ನನಗೆ ನಾಚಿಕೆಯಾಗಿತ್ತು ಅಪ್ಪಾ. ನಿನ್ನ ಕೆಲಸದ ಬಗ್ಗೆ ನಾಚಿಕೆ. ಸಿಮೆಂಟಿನ ಖಾಲಿ ಕಾಗದದ ಚೀಲಗಳನ್ನು ಹರಿದು ಉಂಡೆ ಮಾಡಿ ಒಂದೊಂದು ತೂತಿಗೆ ತುರುಕಿದೆ, ಬಾಯಿಗೆ ಎರಡು ಬೆರಳು ದಪ್ಪ ಮಾಲು ಬಳಿದೆ. ಒಂಬತ್ತೂ ತೂತು ಒಂದು ತಾಸಿನಲ್ಲಿ ಮುಗಿದವು. ಮರುದಿನ ನಿನ್ನ ಆಳುಗಳು ಅದರ ಮೇಲೆ ಗಿಲಾವು ಎಳೆದರು, ಗೋಡೆ ನುಣ್ಣಗಾಯಿತು. ನಾನು ರಜೆ ಮುಗಿಸಿ ಕಾಲೇಜಿಗೆ ಹೋದೆ. ಆಮೇಲೆ ಅದನ್ನು ಮರೆತೇಬಿಟ್ಟೆ. ಮರೆತೆ ಅಂತಲೇ ಇಷ್ಟು ದಿನ ಹೇಳಿಕೊಂಡು ಬಂದೆ.

ಮೊದಲ ಮಳೆಗೇ ಗೋಡೆಯ ಮೇಲೆ ಸಿಡುಬಿನ ಹಾಗೆ ಕಲೆ ಎದ್ದಾಗ ಕಾರ್ಯಾಲಯದ ಸಾಹುಕಾರರು ನಾಲ್ಕು ಮಂದಿಯ ಮುಂದೆ ನಿನಗೆ ಹೇಳಿದ್ದನ್ನು ಅವ್ವ ಈಗಲೂ ಅವರ ದನಿಯಲ್ಲೇ ಹೇಳುತ್ತಾಳೆ. "ಬಸಪ್ಪಾ, ನಿನ್ನ ಗ್ವಾಡಿಗೆ ಮೈಲಿ ಬ್ಯಾನಿ ಬಂದೈತಲ್ಲೋ. ಸಿಮೆಂಟ್ ಯಾರ ಮನಿಗೆ ಹೋತು?" ನೀನು ಎರಡು ಸಲ ಹೋಗಿ ಕಲೆಗಳನ್ನು ಕೆರೆದು ಮತ್ತೆ ಗಿಲಾವು ಮಾಡಿದೆ, ಎರಡು ಸಲವೂ ಅವು ಮತ್ತೆ ಎದ್ದವು. ಮೂರನೆಯ ಸಲ ಹೋದವನು ಮಧ್ಯಾಹ್ನಕ್ಕೇ ಮನೆಗೆ ಬಂದೆ. ನಾನು ಊರಲ್ಲೇ ಇದ್ದೆ. ಕೈಕಾಲು ತೊಳೆಯುತ್ತ, ನನ್ನ ಮುಖ ನೋಡದೆ, "ಆ ತೂತು ಹೆಂಗ ಮುಚ್ಚಿದ್ದೆವ್ವಾ?" ಅಂತ ಕೇಳಿದೆ. "ನೀ ಹೇಳಿದ್ಹಂಗ" ಎಂದೆ ನಾನು. ನೀನು "ಆತು ಬಿಡು" ಅಂದೆ, ಊಟಕ್ಕೆ ಕುಳಿತೆ. ಅಲ್ಲಿಂದ ಮುಂದೆ ಬೈಲಹೊಂಗಲದಲ್ಲಿ ನಿನಗೆ ದೊಡ್ಡ ಕೆಲಸ ಸಿಗಲಿಲ್ಲ. ನಮ್ಮೂರು ನೇಸರಗಿಯಲ್ಲೇ ಕಂಪೌಂಡು, ಪಾಯಖಾನೆ, ದನದ ಕೊಟ್ಟಿಗೆ ಕಟ್ಟಿಕೊಂಡು ಉಳಿದೆ. ಅವ್ವನ ಸ್ವಂತ ತಂಗಿಯ ಮಗಳ ಮದುವೆ ಅದೇ ಕಾರ್ಯಾಲಯದಲ್ಲಿ ಆಯಿತು. ಕಳ್ಳನ ಹೆಂಡತಿ ಅನ್ನಿಸಿಕೊಳ್ಳಲಾರೆ ಅಂತ ಅವ್ವ ಹೋಗಲಿಲ್ಲ. ಹೊಸ ಸೀರೆ ಉಟ್ಟುಕೊಂಡು ಮನೆಯಲ್ಲೇ ಕುಳಿತಿದ್ದಳು.

ಗುರುವಾರ ಬೆಳಗಿನ ಮಳೆ ನಿಂತು ಮಧ್ಯಾಹ್ನ ಬಿಸಿಲು ಬಿತ್ತು. ನಮ್ಮ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಒಂದು ತಾಸು ಕಾದು ಕ್ಯಾಮೆರಾ ಹಿಡಿದೆ. ಗೋಡೆಯೆಲ್ಲ ಹಳದಿ. ನೀನು ಮುಚ್ಚಿದ ಮೇಲಿನ ಎರಡು ಸಾಲು ಎಲ್ಲಿದ್ದವು ಅಂತ ಹುಡುಕಿದರೂ ಸಿಗಲಿಲ್ಲ, ಗೋಡೆಯಲ್ಲಿ ಗೋಡೆಯಾಗಿ ಹೋಗಿದ್ದವು. ಕೆಳಸಾಲಿನಲ್ಲಿ ಮಾತ್ರ ಸಮ ಅಂತರದಲ್ಲಿ ನೀಲಿ ಚುಕ್ಕೆಗಳು. ನಾನು ಎಣಿಸಿದೆ. ಎಂಟು. ಒಂಬತ್ತು ಇರಬೇಕಿತ್ತು. ಅಳು ಬರಲಿಲ್ಲ. ಎಂಟೇ ಯಾಕೆ ಅಂತ ಅಷ್ಟೇ ಯೋಚಿಸಿದೆ. ಮನುಷ್ಯರು ಹೀಗಿರುತ್ತಾರೆಯೇ?

ಆಳಿನ ಕೈಯಿಂದ ಒಂದು ಚುಕ್ಕೆಯನ್ನು ಒಡೆಸಿದಾಗ ಒಳಗಿನಿಂದ ಸಿಮೆಂಟ್ ಚೀಲ ಬಂತು. ಕಪ್ಪಗೆ ಕೊಳೆತು ನೀರು ಸೋರುತ್ತಿತ್ತು. ಆಮೇಲೆ ಮೆಟ್ಟಿಲ ಪಕ್ಕದ ಆ ಒಂಬತ್ತನೆಯದು, ಕ್ಯಾಮೆರಾದಲ್ಲಿ ಕಾಣದೇ ಇದ್ದದ್ದು, ಅದನ್ನೂ ಒಡೆಸಿದೆ. ಉಳಿಯೇ ಇಳಿಯಲಿಲ್ಲ. ಇಟ್ಟಂಗಿ ತುಂಡು, ಮಾಲು, ಮತ್ತೆ ಇಟ್ಟಂಗಿ ತುಂಡು, ನೀರು ನಿಲ್ಲದ ಹಾಗೆ ಹೊರಗಡೆಗೆ ಸ್ವಲ್ಪ ಇಳಿಜಾರು. ಸಾಹುಕಾರರ ಮಗ ಪಕ್ಕದಲ್ಲಿ ನಿಂತು ನೋಡುತ್ತಿದ್ದ. ನಾನು ಯಾರ ಮಗಳು ಅಂತ ಅವನಿಗೆ ಗೊತ್ತಿರಲಿಲ್ಲ. "ಇದನ್ನ ಗ್ವಾಡಿ ಕಟ್ಟಿದ ಗೌಂಡಿನ ತಗದಿದ್ನರಿ ಮೇಡಂ. ನಾ ಸಣ್ಣಾವಿದ್ದೆ. ಒಳಗಿಂದು ಏನೋ ತಗದು ಕಿಸೇದಾಗ ಇಟ್ಕೊಂಡ. ನಮ್ಮಪ್ಪ ಬಂದು, ಇನ್ನ ಎಷ್ಟ್ ಕೆಡವತಿ, ಇದೊಂದ್ ಮುಚ್ಚಿ ಹೋಗು, ಮತ್ತ ನನ್ನ ಗ್ವಾಡಿ ಮುಟ್ಟಬ್ಯಾಡ ಅಂತ ಬೈದ್ರು. ಬಾಯಿ ಬಿಡಲಿಲ್ಲ ನೋಡ್ರಿ ಅಂವ. ಮುಚ್ಚಿ ಹೋಗಿಬಿಟ್ಟ" ಎಂದ.

ಆ ಮಧ್ಯಾಹ್ನ ನೀನು ಕಿಸೆಯಲ್ಲಿಟ್ಟುಕೊಂಡ ಆ ಚೀಲವನ್ನು ಸಾಹುಕಾರರ ಮುಂದೆ ಹಿಡಿದು, ಸಿಮೆಂಟ್ ಎಲ್ಲೂ ಹೋಗಿಲ್ಲ, ಇದು ನನ್ನ ಮಗಳು ಮಾಡಿದ ತಪ್ಪು ಅಂದಿದ್ದರೆ ಸಾಕಿತ್ತು. ಒಂದೇ ಮಾತು. ಡಿಪ್ಲೊಮಾ ಓದುವ ಹುಡುಗಿ, ನಾಳೆ ಇದೇ ಊರುಗಳಲ್ಲಿ ಕೆಲಸ ಮಾಡುವವಳು ಅಂತ ಯೋಚಿಸಿದೆಯಾ? ಅಥವಾ ನಾನೇ ಒಪ್ಪಿಕೊಳ್ಳಲಿ ಅಂತ ಮನೆಗೆ ಬಂದು ಕೇಳಿದೆಯಾ? ನಾನು ಆಗ ನಿಜ ಹೇಳಿದ್ದರೆ ನೀನು... ಇದನ್ನೂ ಒಂದು ವರದಿಯ ಹಾಗೆಯೇ ಬರೆಯುತ್ತಿದ್ದೇನೆ. ಅದೇ ನನಗೆ ಹೆದರಿಕೆ.

ವರದಿಯಲ್ಲಿ ಎಲ್ಲ ಬರೆದೆ. ಮೇಲಿನ ಸಾಲುಗಳು ಗಟ್ಟಿ ಇವೆ, ಗೋಡೆ ಕಟ್ಟಿದ್ದರಲ್ಲಿ ದೋಷವಿಲ್ಲ, ಕೆಳಸಾಲಿನ ತೂತುಗಳನ್ನು ಚೀಲ ತುರುಕಿ ಮುಚ್ಚಿದ್ದು ಕಾರಣ. ಮುಚ್ಚಿದವರು ಅಂತ ನನ್ನ ಹೆಸರು. ಸಾಹುಕಾರರ ಮಗ ಅದನ್ನು ಓದಿ ನನ್ನ ಮುಖ ನೋಡಿದ. "ಹೆಸರ್ಯಾಕ್ರಿ ಮೇಡಂ? ತೂತು ಸರಿ ಮುಚ್ಚಿಲ್ಲ ಅಂತ ಬರದ್ರ ಸಾಕಲ್ರಿ." ಇರಲಿ ಎಂದೆ. ಆಮೇಲೆ ಅವರ ಅಪ್ಪನ ಹತ್ತಿರ ಹೋದೆ. ಈಗ ಬಹಳ ವಯಸ್ಸಾಗಿದೆ, ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು.

"ಸಾವ್ಕಾರ್ರ, ನಾ ಬಸಪ್ಪ ಗೌಂಡಿ ಮಗಳ್ರಿ."

"ಯಾವ ಬಸಪ್ಪ?"

"ಈ ಗ್ವಾಡಿ ಕಟ್ಟಿದಾಂವ್ರಿ. ನೇಸರಗಿ ಬಸಪ್ಪ."

"ನೆನಪಿಲ್ಲ ತಂಗಿ. ಭಾಳ ಮಂದಿ ಗೌಂಡ್ಯಾರು ಬಂದು ಹೋದ್ರು."

ಮೊದಲು ನೀನು ಯಾರು ಅಂತ ಹೇಳಬೇಕಾಯಿತು ಅಪ್ಪಾ, ಆಮೇಲೆ ನೀನು ಕಳ್ಳನಲ್ಲ ಅಂತ. ಅವರು ಎಲ್ಲ ಕೇಳಿಸಿಕೊಂಡರು. "ಹೌದ? ಹಂಗಾರ ಗ್ವಾಡಿ ಯಾವಾಗ ಒಣಗತೈತಿ?" ಎಂದರು.

ಚೀಲ ತುರುಕಿದ್ದ ಎಂಟನ್ನೂ ನಾನೇ ನಿಂತು ತೆಗೆಸಿ ಮುಚ್ಚಿಸಿದೆ. ಅದು ಆಯಿತು. ಅವ್ವನಿಗೆ ಇನ್ನೂ ಹೇಳಿಲ್ಲ. ಮರೆಯದೇ ಇರುವವಳು ಅವಳೊಬ್ಬಳೇ ಉಳಿದಿದ್ದಾಳೆ. ನಾಳೆ ಮುಂಜಾನೆಯ ಬಸ್ಸಿಗೆ ನೇಸರಗಿಗೆ ಹೋಗುತ್ತೇನೆ. ಹೊಸ್ತಿಲ ಆಚೆಯೇ ನಿಂತು ಹೇಳಿಬಿಡುತ್ತೇನೆ. ಒಳಗೆ ಹೋದರೆ ಚಹಾ ಮಾಡಿಕೊಡುತ್ತಾಳೆ, ಅದನ್ನು ಕುಡಿದ ಮೇಲೆ ನನಗೆ ಬಾಯಿ ಬರುವುದಿಲ್ಲ.

ನಿನ್ನ ಮಗಳು,
ಶಾಂತವ್ವ