ಮರಿಮುದ್ದೆ

ಮಧುಗಿರಿ
18 ಜನವರಿ 2025

ಅಮ್ಮಾ,

ಹೊಟ್ಟೆ ತುಂಬಿ ತಲೆ ಕೆಟ್ಟಿರುವ ನಿನ್ನ ಮಗಳ ನಮಸ್ಕಾರ.

ಕೈಯಲ್ಲಿ ಫೋನ್ ಇಟ್ಟುಕೊಂಡು ಇವಳೇಕೆ ಕಾಗದ ಬರೆದಳು ಎಂದು ಹುಬ್ಬು ಗಂಟಿಕ್ಕಬೇಡ. ಮಧುಗಿರಿ ಎಂಬ ಹೆಸರು ನನ್ನ ಬಾಯಿಂದ ಬಂದ ಕೂಡಲೇ ಕುಕ್ಕರ್ ಕೂಗಿತು ಎಂದು ನೀನು ಫೋನ್ ಇಟ್ಟುಬಿಡುತ್ತೀಯ. ನಮ್ಮನೆ ಕುಕ್ಕರ್ ಈ ವಾರ ಕೂಗಿದಷ್ಟು ಯಾವತ್ತೂ ಕೂಗಿಲ್ಲ. ಕಾಗದವಾದರೆ ಮಧ್ಯದಲ್ಲಿ ಕಟ್ ಮಾಡಲು ಆಗುವುದಿಲ್ಲವಲ್ಲ. ನಮ್ಮ ಆಫೀಸಿನ ಡ್ರೈವರ್ ಅನಿಲ್ ಕುಮಾರ್ ಮೈಸೂರಿಗೆ ಬರುತ್ತಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನನ್ನು ಗೇಟಿನ ಆಚೆಯೇ ನಿಲ್ಲಿಸಿ, ಕನ್ನಡಕ ಹುಡುಕಿ ತಂದು ನಿಂತುಕೊಂಡೇ ಓದುತ್ತಿರುತ್ತೀಯ, ಗೊತ್ತು. ಕೂತು ಓದು.

ನಮ್ಮ ಟ್ರಾವೆಲ್ಸ್‌ನವರು ಸಿರಾ, ಮಧುಗಿರಿ, ಪಾವಗಡಕ್ಕೆ ಹೊಸ ಪ್ರವಾಸ ಶುರು ಮಾಡುವವರಿದ್ದಾರೆ. ಜನರಿಗೆ ಏನು ತೋರಿಸಬೇಕು, ಎಲ್ಲಿ ಊಟ ಹಾಕಿಸಬೇಕು ಎಂದು ನೋಡಿಕೊಂಡು ಬರುವುದು ನನ್ನ ಕೆಲಸ. ತಿರುಗುವುದು, ತಿನ್ನುವುದು, ಅದಕ್ಕೊಂದು ಸಂಬಳ. ಅಲ್ಲಿ ನೋಡುವುದಕ್ಕೆ ಏನಿದೆ, ಬರೀ ಬಂಡೆ ಎಂದಿದ್ದೆ ನೀನು. ಸಿರಾದಲ್ಲಿ ಮಲಿಕ್ ರಿಹಾನ್ ದರ್ಗಾದ ಗೋಡೆ ನೋಡುತ್ತಾ ಊಟದ ಹೊತ್ತು ಮೀರಿದ್ದೇ ತಿಳಿಯಲಿಲ್ಲ. ಆಮೇಲೆ ಫಕ್ರುದ್ದೀನ್ ಸಾಹೇಬರ ಹೋಟೆಲಿನಲ್ಲಿ ಬಿರಿಯಾನಿ. ನಾನು ಯಾರೆಂದು ತಿಳಿದಿದ್ದೇ ತಡ, ಕೇಳದೆಯೇ ಕಬಾಬ್ ಬಂತು, ಫಿರ್ನಿ ಬಂತು. ಏನಿದೆಲ್ಲ ಎಂದರೆ, "ನಿಮ್ ಬಸ್ ನಮ್ ಹೋಟ್ಲು ಮುಂದೇನೇ ನಿಲ್ಬೇಕು ಮೇಡಂ, ಬಸ್ ಅಷ್ಟೇ!" ಎಂದು ನಕ್ಕರು. ಇಷ್ಟು ಬಿಚ್ಚಿ ಹೇಳುವವರ ಮೇಲೆ ಅನುಮಾನ ಬರುವುದಿಲ್ಲ.

ನನಗೆ ಅನುಮಾನ ಬಂದಿದ್ದು ನಿನ್ನ ಮೇಲೆ.

ಹೊರಡುವಾಗ ನೀನು ಹೇಳಿದ್ದು ನೆನಪಿದೆಯಾ? ಮಧುಗಿರಿಯಲ್ಲಿ ಎಲ್ಲಿ ಬೇಕಾದರೂ ಉಣ್ಣು, ಬಸ್ ಸ್ಟ್ಯಾಂಡ್ ಹಿಂದಿನ ಮುದ್ದೆ ಹೋಟೆಲಿಗೆ ಮಾತ್ರ ಹೋಗಬೇಡ, ಯಾರು ಕೇಳಿದರೂ ನನ್ನ ಹೆಸರು ಹೇಳಬೇಡ ಎಂದೆ. ಆ ಊರಿನ ಮುಖವನ್ನೇ ನೋಡಿಲ್ಲ ಎನ್ನುವವಳಿಗೆ ಬಸ್ ಸ್ಟ್ಯಾಂಡ್ ಹಿಂದೆ ಮುದ್ದೆ ಹೋಟೆಲ್ ಇರುವುದು ಹೇಗೆ ಗೊತ್ತು? ನಿನ್ನ ಹೆಸರು ಹೇಳಿದರೆ ಏನಾಗುತ್ತದೆ? ಸಾಲವೋ, ಕೇಸೋ, ಅಪ್ಪನಿಗಿಂತ ಮುಂಚೆ ಇನ್ಯಾರಾದರೂ ಇದ್ದರೋ ಎಂದು ದಾರಿಯುದ್ದಕ್ಕೂ ಏನೇನೋ ಯೋಚಿಸಿದೆ. ಅಪ್ಪ ಇದ್ದಿದ್ದರೆ ಅವರ ಬೆನ್ನು ಬೀಳುತ್ತಿದ್ದೆ.

ಮೊನ್ನೆ ಬೆಳಿಗ್ಗೆ ಇಲ್ಲಿಯ ಕೋಟೆ ಹತ್ತಿದೆ. ಇಡೀ ಬೆಟ್ಟ ಒಂದೇ ಬಂಡೆ. ಮೇಲೆ ಹೋದಂತೆ ಕಂಬಿ ಹಿಡಿದುಕೊಂಡು, ಕಲ್ಲಿನಲ್ಲಿ ಕೊರೆದ ಗುಳಿಗಳಲ್ಲಿ ಕಾಲಿಟ್ಟು ಹತ್ತಬೇಕು. ಅರ್ಧ ದಾರಿಯಲ್ಲಿ ಕೂತುಬಿಟ್ಟೆ. ಅಲ್ಲಿಂದ ಊರೆಲ್ಲ ಕಾಣುತ್ತಿತ್ತು. ಬಸ್ ಸ್ಟ್ಯಾಂಡೂ ಕಂಡಿತು, ಅದರ ಹಿಂದೆ ಶೀಟಿನ ಮಾಡಿನಿಂದ ಏಳುತ್ತಿದ್ದ ಹೊಗೆಯೂ ಕಂಡಿತು. ಹಸಿವಾಗಿತ್ತು. ಇಳಿದವಳೇ ನೇರ ಅಲ್ಲಿಗೆ ಹೋದೆ.

ಹೋಟೆಲ್ ನಡೆಸುವವರು ಸಣ್ಣಕ್ಕ ಎಂಬ ಹೆಂಗಸು. ಅರವತ್ತು ದಾಟಿದೆ, ಬಾಯಿ ಜೋರು, ಕೈ ಧಾರಾಳ. ಬಿಸಿ ಮುದ್ದೆ, ಹಿತಕಿದ ಬೇಳೆ ಸಾರು. ತಟ್ಟೆ ಮುಂದೆ ಕೂತಾಗ ಒಲೆಯ ಪಕ್ಕದ ಗೂಡಿನಲ್ಲಿ ಪುಟ್ಟ ತಟ್ಟೆಯೊಂದು ಕಂಡಿತು. ಅದರಲ್ಲಿ ಪಾತ್ರೆಯ ತಳ ಬಳಿದು ಕಟ್ಟಿದ, ನಿಂಬೆಹಣ್ಣಿನಷ್ಟು ಗಾತ್ರದ ಮುದ್ದೆ. ಸುಮ್ಮನಿರಬಾರದಿತ್ತೇ ನಾನು? "ಅಯ್ಯೋ, ಮರಿಮುದ್ದೆ!" ಎಂದುಬಿಟ್ಟೆ.

ಆ ಹೆಸರನ್ನು ನಮ್ಮ ಮನೆ ಬಿಟ್ಟು ಬೇರೆಲ್ಲೂ ನಾನು ಕೇಳಿಲ್ಲ. ನಿನ್ನ ಕೈ ತುತ್ತನ್ನೂ ಬಿಟ್ಟುಕೊಡುವ ನೀನು ಅದೊಂದನ್ನು ಮಾತ್ರ ನಾನೆಷ್ಟು ರಂಪ ಮಾಡಿದರೂ ಕೊಡುತ್ತಿರಲಿಲ್ಲ. ಮರಿಮುದ್ದೆ ನಂದು ಎಂದು ನೀನು ಗೋಡೆ ಕಡೆ ತಿರುಗಿ ನುಂಗುತ್ತಿದ್ದೆ.

ಸಣ್ಣಕ್ಕನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ಅಂಗಂತ ಯಾರಮ್ಮ ಹೇಳ್ಕೊಟ್ರು ನಿಂಗೆ?" ಎಂದರು. ನಮ್ಮಮ್ಮ ಎಂದೆ. ನಿಮ್ಮಮ್ಮನ ಹೆಸರೇನು ಎಂದರು. ನಿನ್ನ ಮಾತು ನೆನಪಾಗಿ ಜಯಮ್ಮ ಎಂದು ಸುಳ್ಳು ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. ಮತ್ತೊಂದು ಮುದ್ದೆ ಹಾಕಿದರು, ಬೇಡವೆಂದರೂ ತುಪ್ಪ ಸುರಿದರು, ದುಡ್ಡು ಕೊಟ್ಟರೆ ಮುಟ್ಟಲಿಲ್ಲ. "ನಾಳೀಕೂ ಬಾ ಕಣಮ್ಮ. ಹೆಂಗೆ ಒಣಗ್ಬುಟ್ಟಿದ್ದೀಯ ನೋಡು" ಎಂದರು. ಈಯಮ್ಮನಿಗೂ ನಮ್ಮ ಬಸ್ಸಿನ ಮೇಲೇ ಕಣ್ಣಿರಬೇಕು ಎಂದುಕೊಂಡೆ. ಆದರೆ ನನ್ನ ಕೆಲಸ ಏನೆಂದು ಅವರು ಕೇಳಲೇ ಇಲ್ಲ.

ರಾತ್ರಿ ನಿನಗೆ ಫೋನ್ ಮಾಡಿದೆ. ಕುಕ್ಕರ್ ಕೂಗಿತು.

ನಿನ್ನೆ ಮತ್ತೆ ಹೋದೆ. ಗೂಡಿನಲ್ಲಿ ಮತ್ತೆ ಅದೇ ಪುಟ್ಟ ತಟ್ಟೆ. ಅದು ಯಾರಿಗೆ ಎಂದು ಕೇಳಿದೆ. ಸಣ್ಣಕ್ಕ ನನ್ನ ಎದುರಿಗೇ ಕೂತರು.

"ನಮ್ ಚಿಕ್ಕೋಳ್ದು ಕಣಮ್ಮ. ತಾಯಿಲ್ದ ಕೂಸು, ನಾನೇ ಸಾಕ್ದೆ. ಮೇಷ್ಟ್ರ ಟ್ರೈನಿಂಗ್ಗೆ ಬಂದಿದ್ದ ಹುಡ್ಗ ದಿನಾ ಇಲ್ಲಿಗೇ ಉಣ್ಣಾಕೆ ಬರೋನು. ಬ್ಯಾರೆ ಜನ. ನಾನು ನಮ್ಮೋರಲ್ಲೇ ಗಂಡು ಗೊತ್ತು ಮಾಡಿದ್ದೆ, ಇವ್ಳು ಅವನ್ ಜೊತೆ ಹೊಂಟೋದ್ಲು. ತಾಳಿ ಕಟ್ಟಿಸ್ಕೊಂಡು ಇದೇ ಬಾಗ್ಲಿಗೆ ಬಂದ್ಲು. ನನ್ ತಂಗಿ ಸತ್ತೋದ್ಲು, ನೀನ್ಯಾರು ಅಂದ್ಬುಟ್ಟೆ. ಮರಿಮುದ್ದೆ ಅವಳ್ ಪಾಲು. ಬತ್ತಾಳೇನೋ ಅಂತ ಇಕ್ತೀನಿ, ಸಂಜೀಕೆ ಹಸುವಿನ ಬಾಯ್ಗೆ ಹಾಕ್ತೀನಿ."

ಹೆಸರೇನು ಎಂದೆ. ಕೇಳುವಾಗಲೇ ಗೊತ್ತಿತ್ತು. ಮನೆಯಲ್ಲಿ ಮಂಗಳಿ, ಸ್ಕೂಲಿನಲ್ಲಿ ಸರ್ವಮಂಗಳಾ ಎಂದರು.

ಅದು ನಿನ್ನ ಹೆಸರಮ್ಮ. "ನನಗೊಬ್ಬಳು ಅಕ್ಕ ಇದ್ದಳು, ನೀನು ಹುಟ್ಟುವ ಮೊದಲೇ ತೀರಿಹೋದಳು" ಎಂದು ನನಗೆ ಹೇಳಿದವಳು ನೀನು. ಅವರು ನೀನು ಸತ್ತೆ ಎಂದರು, ನೀನು ಅವರು ಸತ್ತರು ಎಂದೆ, ಇಬ್ಬರೂ ಆ ಮುದ್ದೆ ಕಟ್ಟುವುದನ್ನು ಮಾತ್ರ ಬಿಡಲಿಲ್ಲ. ನನಗೆ ಸಿಟ್ಟು ಬಂದಿದೆ. ಬೇಸಿಗೆ ರಜೆಗೆ ಎಲ್ಲರೂ ದೊಡ್ಡಮ್ಮನ ಮನೆಗೆ ಹೋಗುವಾಗ ನಾನು ನಿನ್ನ ಸೆರಗು ಹಿಡಿದು, ನಮಗೆ ಯಾಕೆ ಯಾರೂ ಇಲ್ಲ ಎಂದು ಅಳುತ್ತಿದ್ದೆನಲ್ಲ, ಆಗ ನಿನ್ನ ನಾಲಿಗೆ ಹೇಗೆ ತಡೆದುಕೊಂಡಿತು? ಸಿಟ್ಟಿನ ಜೊತೆ ಅಳುವೂ ಬರುತ್ತಿದೆ. ಆ ಬಾಗಿಲಿನಿಂದ ನೀನು ವಾಪಸ್ ನಡೆದು ಹೋಗಿದ್ದು ಕಣ್ಣ ಮುಂದೆ ಬರುತ್ತದೆ.

ಅವರಿಗೆ ನಾನು ಏನೂ ಹೇಳಿಲ್ಲ. ಜಯಮ್ಮನ ಮಗಳಾಗಿಯೇ ಉಂಡು, ಕೈ ತೊಳೆದು ಬಂದೆ. ಮುಂದಿನದನ್ನು ನೀನೇ ಯೋಚನೆ ಮಾಡು. ಇನ್ನು ಪಾವಗಡ ನೋಡುವುದೊಂದು ಉಳಿದಿದೆ, ಮುಗಿಸಿಕೊಂಡು ಬರುತ್ತೇನೆ.

ಸಿಟ್ಟಿದ್ದರೂ ನಿನ್ನವಳೇ ಆದ
ತೇಜಸ್ವಿನಿ

ಬಿಟ್ಟುಹೋದ ಮಾತು: ಏನೂ ಹೇಳಿಲ್ಲ ಎಂದೆನಲ್ಲ, ಅದು ಸುಳ್ಳು. ನಿನ್ನ ಮಗಳು ತಾನೆ? ದೊಡ್ಡಮ್ಮ ಇವತ್ತು ಹೋಟೆಲಿಗೆ ಬೀಗ ಹಾಕಿದ್ದಾರೆ. ಗೇಟಿನ ಆಚೆ ನಿಂತಿರುವ ಕಾರಿನ ಹಿಂದಿನ ಸೀಟು ನೋಡು. "ಪೂರ್ತಿ ಓದ್ಲಿ. ಕರುದ್ರೆ ಇಳೀತೀನಿ, ಇಲ್ಲಾಂದ್ರೆ ಅಂಗೇ ವಾಪಸ್ ಬಂದ್ಬುಡ್ತೀನಿ" ಎಂದು ಹೇಳಿ, ಹಾಗೇ ಮಾಡುವುದಾಗಿ ಅನಿಲ್‌ನಿಂದ ಮಾತು ತೆಗೆದುಕೊಂಡೇ ಕಾರು ಹತ್ತಿದರು. ತೊಡೆಯ ಮೇಲೆ ಒಂದು ಸ್ಟೀಲ್ ಡಬ್ಬಿ ಇದೆ, ಅದರಲ್ಲಿ ನಿನ್ನ ಪಾಲು. ಮೈಸೂರು ಮುಟ್ಟುವಷ್ಟರಲ್ಲಿ ಗಟ್ಟಿಯಾಗಿರುತ್ತದೆ, ಬೈಯಬೇಡ.